ಯುರೇನಿಯಂ ಅಳೆಯುವುದು ಟಾರ್ಚಿನಿಂದಲ್ಲ

ಸಂಪಾದಕರಿಗೆ,

ಮಾನ್ಯರೇ,

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗ ಭಾಗದ ಕೊಳವೆಬಾವಿಗಳ ನೀರಿನಲ್ಲಿ ಯುರೇನಿಯಂ ಇದೆ ಎಂಬ ಸುದ್ದಿ ಬಂದು ಕೆಲವು ವರ್ಷಗಳಾದವು. ಈಗ ಅದನ್ನು ಮನೆಯಲ್ಲೇ ಪತ್ತೆಹಚ್ಚಬಹುದು ಎಂಬ ನಂಬಿಕೆಯೊಂದು ನಮ್ಮ ಕಡೆ ಹರಡುತ್ತಿದೆ. ಕತ್ತಲೆ ಕೋಣೆಯಲ್ಲಿ ಕಲ್ಲು, ಮಣ್ಣು ಅಥವಾ ನೀರಿನ ಮೇಲೆ ನೇರಳಾತೀತ ಟಾರ್ಚ್ ಬಿಡಬೇಕು, ಹೊಳೆದರೆ ಯುರೇನಿಯಂ ಇದೆ, ಹೊಳೆಯದಿದ್ದರೆ ಇಲ್ಲ ಎಂಬುದು ಅದರ ಸಾರಾಂಶ. ಮೂವತ್ತು ವರ್ಷ ರಸಾಯನಶಾಸ್ತ್ರ ಕಲಿಸಿ ನಿವೃತ್ತನಾದ ನನಗೆ ಈ ನಂಬಿಕೆಯ ಎರಡು ಅರ್ಧಗಳೂ ತಪ್ಪು ಎಂದು ಹೇಳದೆ ಇರಲಾಗುತ್ತಿಲ್ಲ.

ಕಳೆದ ಬೇಸಿಗೆಯಲ್ಲಿ ಪಕ್ಕದ ಊರಿನ ರೈತರೊಬ್ಬರು ಎರಡು ವಸ್ತುಗಳನ್ನು ಹಿಡಿದು ನನ್ನ ಮನೆಗೆ ಬಂದರು. ಒಂದು, ಕೊಳವೆಬಾವಿಯಿಂದ ಮೇಲೆತ್ತಿದ ಹಳೆಯ ಪೈಪಿನ ತುಂಡು. ಅದರ ಒಳಮೈಗೆ ಬೆರಳ ದಪ್ಪ ಬಿಳಿ ಹೊಪ್ಪಳಿಕೆ ಕಟ್ಟಿತ್ತು. ಇನ್ನೊಂದು, ಅದೇ ಬಾವಿಯ ನೀರು ತುಂಬಿದ ಬಾಟಲಿ. ಟಾರ್ಚ್ ಬಿಟ್ಟಾಗ ಹೊಪ್ಪಳಿಕೆ ತಿಳಿನೀಲಿಯಾಗಿ ಹೊಳೆಯಿತು, ನೀರು ಕಪ್ಪಗೇ ಉಳಿಯಿತು. ಪೈಪಿನಲ್ಲಿ ವಿಷವಿದೆ, ನೀರಿನಲ್ಲಿಲ್ಲ ಎಂದು ಅವರು ತೀರ್ಮಾನಿಸಿ, ಮಕ್ಕಳಿಗೆ ಆ ನೀರನ್ನೇ ಕುಡಿಸುತ್ತಿದ್ದರು. ಆ ಹೊಪ್ಪಳಿಕೆ ಬರಿಯ ಸುಣ್ಣದ ಕಾರ್ಬೊನೇಟು. ಎರಡು ಹನಿ ಆಮ್ಲ ಬಿಟ್ಟೊಡನೆ ಬುರಬುರನೆ ನೊರೆಯೆದ್ದಿತು. ಪರೀಕ್ಷೆಗೆ ಕಳಿಸಬೇಕಾಗಿದ್ದುದು ನೀರು.

ಹೊಳಪಿಗೂ ಯುರೇನಿಯಂಗೂ ನಂಟಿಲ್ಲ ಎಂದು ನಾನು ಹೇಳುತ್ತಿಲ್ಲ. ನಂಟು ಹಳೆಯದು, ಗಾಢವಾದದ್ದು. 1852ರಲ್ಲಿ ವಿಜ್ಞಾನಿ ಜಾರ್ಜ್ ಸ್ಟೋಕ್ಸ್ ಪ್ರತಿದೀಪ್ತಿಯನ್ನು, ಎಂದರೆ ನೇರಳಾತೀತದಂಥ ಬೆಳಕನ್ನು ಹೀರಿ ಬೇರೆ ಬಣ್ಣದಲ್ಲಿ ಹೊಳೆಯುವ ಗುಣವನ್ನು, ವಿವರಿಸಿದಾಗ ಅವರು ಪರೀಕ್ಷಿಸಿದ ವಸ್ತುಗಳಲ್ಲಿ ಯುರೇನಿಯಂ ಬೆರೆತ ಹಳದಿ ಗಾಜೂ ಇತ್ತು. ಆಟುನೈಟ್ ಎಂಬ ಖನಿಜದ ಚೂರೊಂದನ್ನು ದೀಪದಡಿ ಇಟ್ಟರೆ, ಹಗಲಿನಲ್ಲಿ ಮಾಸಲು ಹಳದಿಯಾಗಿ ಕಾಣುವ ಅದರ ಹಾಳೆಹಾಳೆಯಾದ ಹರಳುಗಳು ಎಳೆ ನಿಂಬೆಯ ಹಸಿರುಹಳದಿಯಲ್ಲಿ, ಒಳಗಿಂದಲೇ ಯಾರೋ ದೀಪ ಹಚ್ಚಿದಂತೆ, ಬೆಳಗುತ್ತವೆ. ಈ ಬೆಳಕಿಗೆ ಕಾರಣ ಯುರೇನೈಲ್ ಅಯಾನು, ಎಂದರೆ ಎರಡು ಆಮ್ಲಜನಕ ಪರಮಾಣುಗಳ ನಡುವೆ ನೇರ ಸಾಲಿನಲ್ಲಿ ಕುಳಿತ, ಆರರ ಉತ್ಕರ್ಷಣ ಸ್ಥಿತಿಯ (ಆರು ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟ) ಯುರೇನಿಯಂ. ಅದು ಹೊರಸೂಸುವ ಬೆಳಕನ್ನು ರೋಹಿತದರ್ಶಕದಲ್ಲಿ ಬಿಡಿಸಿ ನೋಡಿದರೆ ತರಂಗಾಂತರದಲ್ಲಿ ಸುಮಾರು 495, 516, 540 ನ್ಯಾನೋಮೀಟರ್‌ಗಳ ಬಳಿ ಏಣಿಯ ಮೆಟ್ಟಿಲುಗಳಂತೆ ಪಟ್ಟಿಗಳು ಕಾಣುತ್ತವೆ. ಆ ಮೆಟ್ಟಿಲುಗಳೇ ಯುರೇನೈಲ್‌ನ ಸಹಿ. ಬರಿಗಣ್ಣಿಗೆ ಕಾಣುವ ಹಸಿರನ್ನು ಸಹಿಯೆಂದು ಒಪ್ಪಲಾಗದು.

ಏಕೆಂದರೆ ಹಸಿರಾಗಿ ಹೊಳೆಯುವ ವಸ್ತುಗಳು ಬೇಕಾದಷ್ಟಿವೆ. ಹೊಲದ ಬದುವಿನಲ್ಲಿ ರಾತ್ರಿ ಆ ಟಾರ್ಚ್ ಹಿಡಿದು ನಡೆದವರಿಗೆ ಚೇಳು ಹೇಗೆ ನೀಲಿಹಸಿರಾಗಿ ಮಿರುಗುತ್ತದೆ ಎಂಬುದು ಗೊತ್ತು. ಅಡುಗೆಮನೆಯ ಅರಿಶಿನ ಹಳದಿಹಸಿರಾಗಿ, ಬಟ್ಟೆ ಒಗೆಯುವ ಪುಡಿ ನೀಲಿಯಾಗಿ ಹೊಳೆಯುತ್ತವೆ. ಕೋಲಾರದ ಚಿನ್ನದ ಅದಿರಿನ ಜೊತೆ ಸಿಗುವ ಶೀಲೈಟ್ ಕಿರುತರಂಗದ, 254 ನ್ಯಾನೋಮೀಟರಿನ ದೀಪದಡಿ ಸೊಗಸಾದ ನೀಲಿಬಿಳುಪಿನಲ್ಲಿ ಬೆಳಗುತ್ತದೆ. ಅದು ಟಂಗ್‌ಸ್ಟನ್ನಿನ ಅದಿರು. ಪೇಟೆಯಲ್ಲಿ ಸಿಗುವ ಅಗ್ಗದ ಟಾರ್ಚುಗಳು ಬಹುಪಾಲು 395 ನ್ಯಾನೋಮೀಟರಿನವು. ಅವು ತಾವೇ ಕಣ್ಣಿಗೆ ಕಾಣುವ ನೇರಳೆ ಬೆಳಕನ್ನು ಚೆಲ್ಲುವುದರಿಂದ, ಬಿಳಿಯ ಮೇಲ್ಮೈ ಯಾವುದಾದರೂ ಹೊಳೆದಂತೆಯೇ ತೋರುತ್ತದೆ.

ಇನ್ನು ಎರಡನೆಯ ಅರ್ಧಕ್ಕೆ ಬರುತ್ತೇನೆ. ಅಪಾಯ ಇರುವುದು ಇಲ್ಲಿ. ಯುರೇನಿಯಂ ಧಾರಾಳವಾಗಿದ್ದೂ ಹೊಳೆಯದಿರುವುದು ಅಪರೂಪವಲ್ಲ. ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಪರಮಾಣು ಖನಿಜ ನಿರ್ದೇಶನಾಲಯದವರು ಗುರುತಿಸಿದ ನಿಕ್ಷೇಪದ ಮುಖ್ಯ ಖನಿಜಗಳು ಪಿಚ್‌ಬ್ಲೆಂಡ್ ಮತ್ತು ಕಾಫಿನೈಟ್. ಅವುಗಳಲ್ಲಿ ಯುರೇನಿಯಂ ಯುರೇನೈಲ್ ಆಗಿರದೆ ಹೆಚ್ಚಾಗಿ ನಾಲ್ಕರ ಉತ್ಕರ್ಷಣ ಸ್ಥಿತಿಯಲ್ಲಿರುವುದರಿಂದ ಆ ಕಪ್ಪು ಅದಿರು ಯಾವ ನೇರಳಾತೀತ ದೀಪಕ್ಕೂ ಸ್ಪಂದಿಸುವುದಿಲ್ಲ. ಇನ್ನೊಂದು ಖನಿಜವಾದ ಟಾರ್ಬರ್ನೈಟ್‌ನಲ್ಲಿ ಯುರೇನೈಲ್ ಇದ್ದರೂ ಜೊತೆಗಿರುವ ತಾಮ್ರ ಬೆಳಕನ್ನು ನುಂಗಿಹಾಕುತ್ತದೆ. ನಮ್ಮ ಕೆಮ್ಮಣ್ಣಿನ ಕಬ್ಬಿಣ ಮತ್ತು ಮ್ಯಾಂಗನೀಸ್ ಮಾಡುವ ಕೆಲಸವೂ ಅದೇ. ಕೊಳವೆಬಾವಿಯ ನೀರಿನಲ್ಲಿ ಬೈಕಾರ್ಬೊನೇಟ್ ಮತ್ತು ಕ್ಯಾಲ್ಸಿಯಂ ಹೇರಳವಾಗಿರುತ್ತವೆ. ಆಳದ ಗ್ರಾನೈಟ್ ಬಿರುಕುಗಳಿಂದ ಯುರೇನಿಯಂ ಕರಗಿ ಬರಲು ಕಾರಣವಾಗುವುದೇ ಅವು. ಅವುಗಳೊಡನೆ ಸೇರಿಕೊಂಡ ಯುರೇನೈಲ್ ಸಾಮಾನ್ಯ ಉಷ್ಣತೆಯಲ್ಲಿ ಬಹಳ ಮಂಕಾಗುತ್ತದೆ. ಅಂದರೆ ಯಾವ ಗುಣದಿಂದ ನಮ್ಮ ನೀರಿಗೆ ಯುರೇನಿಯಂ ಸೇರುತ್ತದೆಯೋ ಅದೇ ಗುಣ ಅದನ್ನು ಟಾರ್ಚಿನ ಕಣ್ಣಿನಿಂದ ಮರೆಮಾಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 30 ಮೈಕ್ರೋಗ್ರಾಂ. ಅದರ ಹತ್ತು ಪಟ್ಟು ಇದ್ದರೂ ಲೋಟದಲ್ಲಿ ಏನೂ ಕಾಣದು.

1896ರಲ್ಲಿ ಫ್ರೆಂಚ್ ವಿಜ್ಞಾನಿ ಹೆನ್ರಿ ಬೆಕೆರೆಲ್ ಕಲಿತದ್ದೂ ಇದನ್ನೇ ಎಂಬುದು ನನ್ನ ವಿದ್ಯಾರ್ಥಿಗಳಿಗೆ ನಾನು ತಪ್ಪದೆ ಹೇಳುತ್ತಿದ್ದ ಮಾತು. ಹೊಳೆಯುವ ಯುರೇನಿಯಂ ಲವಣವನ್ನು ಬಿಸಿಲಿಗಿಟ್ಟರೆ ಅದು ಬೇರೊಂದು ಕಿರಣ ಹೊಮ್ಮಿಸುತ್ತದೆ ಎಂದು ಅವರು ಊಹಿಸಿದ್ದರು. ಮೋಡ ಕವಿದ ದಿನಗಳಲ್ಲಿ ಮೇಜಿನ ಖಾನೆಯ ಕತ್ತಲಲ್ಲೇ ಉಳಿದ ಲವಣ ಛಾಯಾಫಲಕವನ್ನು ಕಪ್ಪಾಗಿಸಿತು. ಮುಂದೆ, ಹೊಳೆಯದ ಯುರೇನಿಯಂ ಸಂಯುಕ್ತಗಳೂ ಹಾಗೆಯೇ ಮಾಡುವುದನ್ನು ಅವರು ಕಂಡರು. ಆ ಕಿರಣಕ್ಕೆ ಕಾರಣ ಯುರೇನಿಯಂ, ಹೊಳಪಲ್ಲ.

ಹಾಗಾದರೆ ಅಳೆಯುವುದು ಹೇಗೆ? ಹೊಳಪಿನಿಂದಲೇ, ಆದರೆ ಅದನ್ನು ಹದಕ್ಕೆ ತಂದು. ನಾನು ಎಂ.ಎಸ್ಸಿ. ಓದುತ್ತಿದ್ದಾಗ ನೋಡಿದ ವಿಧಾನ ಇದು: ಬಂಡೆ ಅಥವಾ ಮಣ್ಣಿನ ಪುಡಿಯನ್ನು ನೈಟ್ರಿಕ್ ಮತ್ತು ಹೈಡ್ರೋಫ್ಲೋರಿಕ್ ಆಮ್ಲಗಳಲ್ಲಿ ಕರಗಿಸಿ, ಅಲ್ಯೂಮಿನಿಯಂ ನೈಟ್ರೇಟ್ ಸೇರಿಸಿ, ಯುರೇನಿಯಂ ಅನ್ನು ಈಥೈಲ್ ಅಸಿಟೇಟಿಗೆ ಎಳೆದುಕೊಂಡು ಕಬ್ಬಿಣ ಮುಂತಾದವನ್ನು ಹಿಂದೆ ಬಿಡುತ್ತಿದ್ದರು. ಆ ದ್ರಾವಣದ ಕೆಲವು ಹನಿಗಳನ್ನು ಪ್ಲಾಟಿನಂ ಬಟ್ಟಲಿನಲ್ಲಿ ಒಣಗಿಸಿ, ಸೋಡಿಯಂ ಫ್ಲೋರೈಡ್ ಮತ್ತು ಕಾರ್ಬೊನೇಟುಗಳ ಮಿಶ್ರಣದೊಡನೆ ಜ್ವಾಲೆಯ ಮೇಲೆ ಕರಗಿಸಿದರೆ, ತಣಿದ ಮೇಲೆ ಪೆಪ್ಪರಮಿಂಟಿನಂಥ ಒಂದು ಬಿಲ್ಲೆ ಸಿಗುತ್ತಿತ್ತು. ದೀಪದಡಿ ಅದರ ಹಸಿರುಹಳದಿಯನ್ನು ಉಪಕರಣ ಅಳೆಯುತ್ತಿತ್ತು. ಒಂದು ಗ್ರಾಂನ ನೂರು ಕೋಟಿಯಲ್ಲೊಂದು ಪಾಲು ಯುರೇನಿಯಂ ಕೂಡ ಆ ಬಿಲ್ಲೆಯಲ್ಲಿ ಅಡಗಿಕೊಳ್ಳಲಾಗುತ್ತಿರಲಿಲ್ಲ. ಜ್ವಾಲೆ ತುಸು ಹೆಚ್ಚಾದರೂ ಅಳತೆ ಕೆಡುತ್ತಿದ್ದುದರಿಂದ, ನಮ್ಮ ಮೇಷ್ಟ್ರು ಬಿಲ್ಲೆ ಕರಗುವಷ್ಟು ಹೊತ್ತೂ ಬರ್ನರ್ ಬಿಟ್ಟು ಕದಲುತ್ತಿರಲಿಲ್ಲ.

ಈಗ ನೀರಿಗೆ ಅಷ್ಟು ಪಾಡು ಬೇಡ. ಸ್ವಲ್ಪ ಮಾದರಿಗೆ ತಟಸ್ಥಗೊಳಿಸಿದ ಸೋಡಿಯಂ ಪೈರೋಫಾಸ್ಫೇಟ್ ದ್ರಾವಣ ಬೆರೆಸಿದರೆ, ಯುರೇನೈಲ್ ಕಾರ್ಬೊನೇಟನ್ನು ಬಿಟ್ಟು ಫಾಸ್ಫೇಟಿನ ಆಸರೆ ಪಡೆದು ಚೆನ್ನಾಗಿ ಹೊಳೆಯತೊಡಗುತ್ತದೆ. ನೈಟ್ರೋಜನ್ ಲೇಸರ್ ಅಥವಾ 405 ನ್ಯಾನೋಮೀಟರಿನ ಎಲ್‌ಇಡಿಯ ಮಿಡಿತ ಅದನ್ನು ಕೆರಳಿಸುತ್ತದೆ. ನೀರಿನಲ್ಲಿರುವ ಕೊಳೆತ ಸಸ್ಯಾಂಶವೂ ಹೊಳೆಯುತ್ತದೆ, ಆದರೆ ಅದರ ಹೊಳಪು ನ್ಯಾನೋಸೆಕೆಂಡುಗಳಲ್ಲಿ ಆರಿಹೋಗುತ್ತದೆ. ಯುರೇನೈಲ್‌ನದು ಹತ್ತಾರು ಮೈಕ್ರೋಸೆಕೆಂಡು ಉಳಿಯುತ್ತದೆ. ಉಪಕರಣ ಆ ಮೊದಲ ಗಲಾಟೆ ಅಡಗುವವರೆಗೆ ಕಣ್ಣು ಮುಚ್ಚಿಕೊಂಡು ಆಮೇಲೆ ತೆರೆಯುತ್ತದೆ. ಇಷ್ಟು ಸರಳ ಉಪಾಯದಿಂದ ಲೀಟರಿಗೆ ಒಂದು ಮೈಕ್ರೋಗ್ರಾಂಗಿಂತ ಕಡಿಮೆ ಇರುವುದನ್ನೂ ನಿಮಿಷಗಳಲ್ಲಿ ಅಳೆಯಬಹುದು. ನೈಟ್ರೋಜನ್ ಲೇಸರಿನ ಇಂಥ ಉಪಕರಣವನ್ನು ನಮ್ಮವರೇ ಇಂದೋರಿನಲ್ಲಿ ರೂಪಿಸಿದರು. ಅದನ್ನು ರೂಪಿಸಿದ ಕೇಂದ್ರಕ್ಕೆ ಈಗ ಇರುವುದು ತುಮಕೂರು ಜಿಲ್ಲೆಯಲ್ಲಿ ಹುಟ್ಟಿದ ಪರಮಾಣು ವಿಜ್ಞಾನಿ ರಾಜಾ ರಾಮಣ್ಣ ಅವರ ಹೆಸರು. ತುಮಕೂರಿನ ಹಳ್ಳಿಗರ ನೀರಿಗೆ ಇದು ಇನ್ನೂ ಸುಲಭವಾಗಿ ಸಿಗುತ್ತಿಲ್ಲ ಎಂಬುದು ನನ್ನ ಸಂಕಟ.

ಉಪಕರಣ ಇದ್ದರೆ ಸಾಲದು ಎಂಬುದನ್ನೂ ಹೇಳಬೇಕು. ಆ ರೈತರ ನೀರನ್ನು ನಾವು ಮೊದಲು ಕಳಿಸಿದ ಒಂದು ಖಾಸಗಿ ಪ್ರಯೋಗಾಲಯದಿಂದ ಬಂದ ವರದಿಯಲ್ಲಿ ಯುರೇನಿಯಂ ಎದುರಿಗೆ ‘ಇಲ್ಲ’ ಎಂದಷ್ಟೇ ಬರೆದಿತ್ತು. ಯಾವ ವಿಧಾನ, ಎಷ್ಟು ಕಡಿಮೆ ಇದ್ದರೆ ಉಪಕರಣಕ್ಕೆ ಕಾಣದು, ಗೊತ್ತಿರುವ ಪ್ರಮಾಣದ ಯುರೇನಿಯಂ ಬೆರೆಸಿ ಮತ್ತೆ ಅಳೆದು ನೋಡಿದರೇ ಎಂಬ ಯಾವುದೂ ಇರಲಿಲ್ಲ. ಈ ಕೊನೆಯದು ಬಹಳ ಮುಖ್ಯ. ಕಬ್ಬಿಣ ಅಥವಾ ಕ್ಲೋರೈಡ್ ಹೆಚ್ಚಿರುವ ನೀರಿನಲ್ಲಿ ಹೊಳಪು ಕುಗ್ಗಿ, ಇದ್ದದ್ದಕ್ಕಿಂತ ಕಡಿಮೆ ತೋರುತ್ತದೆ. ಅದೇ ಮಾದರಿಗೆ ತಿಳಿದ ಪ್ರಮಾಣವನ್ನು ಸೇರಿಸುತ್ತಾ ಅಳೆದಾಗ ಮಾತ್ರ ಆ ಕುಗ್ಗುವಿಕೆ ಲೆಕ್ಕಕ್ಕೆ ಸಿಗುತ್ತದೆ. ಬೇರೆ ಕಡೆ ಹೀಗೆ ಅಳೆಸಿದಾಗ ಅದೇ ಬಾವಿಯ ನೀರು 30ರ ಮಿತಿಯನ್ನು ದಾಟಿತ್ತು. ಮೊದಲ ವರದಿಯನ್ನು ನಂಬಿ ಆ ಕುಟುಂಬ ಕಳೆದ ತಿಂಗಳುಗಳನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಕುಡಿಯುವ ನೀರಿನ ಯುರೇನಿಯಂನಿಂದ ಮೊದಲು ತೊಂದರೆಗೊಳಗಾಗುವುದು ಮೂತ್ರಪಿಂಡ. ಅದು ವಿಕಿರಣಕ್ಕಿಂತ ಹೆಚ್ಚಾಗಿ ಲೋಹದ ರಾಸಾಯನಿಕ ವಿಷ. ಕಾಯಿಸಿದರೆ ಹೋಗದು. ರಿವರ್ಸ್ ಆಸ್ಮೋಸಿಸ್ ಘಟಕಗಳು ಬಹುಪಾಲನ್ನು ತೆಗೆಯುತ್ತವೆ, ಆದರೆ ಅವು ಹೊರಬಿಡುವ ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ನೋಡಬೇಕು.

ಭಾರತೀಯ ವಿಜ್ಞಾನ ಸಂಸ್ಥೆಯ ದಿವೇಚಾ ಹವಾಮಾನ ಬದಲಾವಣೆ ಕೇಂದ್ರದವರು ಮತ್ತು ಅವರ ಸಹಸಂಶೋಧಕರು ಪೂರ್ವ ಕರ್ನಾಟಕದ 73 ಹಳ್ಳಿಗಳ ಅಂತರ್ಜಲ ಪರೀಕ್ಷಿಸಿದಾಗ 57 ಹಳ್ಳಿಗಳಲ್ಲಿ ಈ ಮಿತಿ ಮೀರಿತ್ತು. ಅದು ಎಪ್ಪತ್ತಮೂರು ಹಳ್ಳಿಗಳ ಮಾತು. ನಮ್ಮ ಗ್ರಾನೈಟ್ ನೆಲದ ಮೇಲೆ ಸಾವಿರಾರು ಹಳ್ಳಿಗಳಿವೆ, ಪ್ರತಿ ಹಳ್ಳಿಯಲ್ಲೂ ಹತ್ತಾರು ಬಾವಿಗಳಿವೆ. ಒಂದು ಬಾವಿಗೂ ನೂರು ಅಡಿ ಆಚೆಯ ಬಾವಿಗೂ ಹೋಲಿಕೆಯೇ ಇಲ್ಲದಿರಬಹುದು, ಏಕೆಂದರೆ ಎರಡೂ ಬೇರೆ ಬೇರೆ ಬಿರುಕಿನ ನೀರನ್ನು ಕುಡಿಯುತ್ತಿರುತ್ತವೆ.

ಆದ್ದರಿಂದ ಗ್ರಾಮೀಣ ಕುಡಿಯುವ ನೀರು ಇಲಾಖೆಯಲ್ಲಿ ನನ್ನ ಮನವಿ ಇಷ್ಟು. ಈ ಜಿಲ್ಲೆಗಳ ಪ್ರತಿಯೊಂದು ನೀರು ಪರೀಕ್ಷಾ ಪ್ರಯೋಗಾಲಯಕ್ಕೂ ಎಲ್‌ಇಡಿ ಫ್ಲೋರಿಮೀಟರ್ (ಮೇಲೆ ಹೇಳಿದ, ಹೊಳಪು ಅಳೆಯುವ ಉಪಕರಣ) ಒದಗಿಸಿ, ವರದಿಯಲ್ಲಿ ಸಂಖ್ಯೆಯ ಜೊತೆಗೆ ವಿಧಾನ ಮತ್ತು ಪತ್ತೆಯ ಮಿತಿಯನ್ನು ಕನ್ನಡದಲ್ಲಿ ಬರೆಯುವುದನ್ನು ಕಡ್ಡಾಯಗೊಳಿಸಬೇಕು. ಮಳೆಗಾಲಕ್ಕೆ ಮುಂಚೆ ಒಮ್ಮೆ, ನಂತರ ಒಮ್ಮೆ ಅಳೆದು ಬಾವಿವಾರು ಫಲಿತಾಂಶವನ್ನು ಗ್ರಾಮ ಪಂಚಾಯಿತಿ ಗೋಡೆಗೆ ಅಂಟಿಸಬೇಕು. ಪದವಿ ಕಾಲೇಜುಗಳ ರಸಾಯನಶಾಸ್ತ್ರ ವಿಭಾಗಗಳನ್ನು ಈ ಕೆಲಸಕ್ಕೆ ಸೇರಿಸಿಕೊಂಡರೆ ವಿದ್ಯಾರ್ಥಿಗಳು ತಮ್ಮ ಊರಿನ ನೀರನ್ನು ತಾವೇ ಅಳೆದಾರು. ದ್ರಾವಣ ತಯಾರಿಸುವುದು, ಗೊತ್ತಿರುವ ಪ್ರಮಾಣಗಳ ಹೊಳಪಿನಿಂದ ಮಾನಕ ರೇಖೆ ಎಳೆಯುವುದು, ಮಾದರಿ ಬಾಟಲಿಯನ್ನು ಆಮ್ಲದಲ್ಲಿ ತೊಳೆಯುವುದು ಮುಂತಾದವನ್ನು ನಮ್ಮ ತಾಲ್ಲೂಕಿನ ಯಾವುದೇ ಕಾಲೇಜಿಗೆ ಬಂದು, ಸಂಭಾವನೆ ಇಲ್ಲದೆ, ಪ್ರತಿ ಶನಿವಾರ ಕಲಿಸಿಕೊಡಲು ನಾನು ಸಿದ್ಧನಿದ್ದೇನೆ. ಆ ರೈತರು ಈಗ ಕುಡಿಯುವ ನೀರನ್ನು ಎರಡು ಕಿಲೋಮೀಟರ್ ದೂರದ ಘಟಕದಿಂದ ಸೈಕಲ್ಲಿನಲ್ಲಿ ತರುತ್ತಿದ್ದಾರೆ. ಅವರ ಅಕ್ಕಪಕ್ಕದ ಮನೆಗಳ ಬಾವಿಗಳನ್ನು ಇನ್ನೂ ಯಾರೂ ಅಳೆದಿಲ್ಲ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ,
ಕೋಲಾರ ಜಿಲ್ಲೆ