ಬೋರ್ಡು ಹಾಕುವ ಮೊದಲು: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಅಪ್ಪನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ. ಅಜ್ಜಿಯ ಮಂಡಿನೋವು ಮಾತ್ರ ಹಾಗೇ ಇದೆ.

ಓದು ಮುಗಿಯುವ ಮೊದಲೇ ಒಂದು ಆ್ಯಪ್ ಕಂಪನಿಯಲ್ಲಿ ಕೌನ್ಸೆಲರ್ ಆಗಿ, ಅಂದರೆ ಜನರ ಮನಸ್ಸಿನ ಕಷ್ಟ ಕೇಳಿಸಿಕೊಳ್ಳುವ ಕೆಲಸಕ್ಕೆ, ಸೇರಲಾ ಅಂತ ಭಾನುವಾರ ನೀನು ಕೇಳಿದ್ದಕ್ಕೆ ಫೋನಿನಲ್ಲೇ ಉತ್ತರ ಹೇಳಬಹುದಿತ್ತು. ಆದರೆ ನಿಮ್ಮಮ್ಮ ಪಕ್ಕದಲ್ಲಿ ಕೂತು 'ಎಷ್ಟು ಕೊಡ್ತಾರಂತೆ ಕೇಳಿ' ಅಂತ ತಿವಿಯುತ್ತಲೇ ಇದ್ದಳು. ಅದಕ್ಕೇ ಈ ಕಾಗದ. ಆ ಆ್ಯಪ್ ಕಂಪನಿಯ ಕೆಲಸ ಈಗ ಬೇಡ. ಎಂ.ಎಸ್ಸಿ. ಮುಗಿಯಲಿ, ಆಮೇಲೆ ನೋಡೋಣ.

'ಎರಡು ದಿನ ಆನ್‌ಲೈನ್ ಟ್ರೈನಿಂಗ್ ಕೊಡ್ತಾರಪ್ಪಾ, ರಾತ್ರಿ ಹಾಸ್ಟೆಲ್‌ನಿಂದಲೇ ಮಾತಾಡಬಹುದು, ಕಾನೂನಿನ ಅಡ್ಡಿಯೂ ಇಲ್ಲ' ಅಂದೆ. ಅಡ್ಡಿ ಇಲ್ಲದಿರುವುದೇ ನನಗೆ ಸರಿ ಕಾಣುವುದಿಲ್ಲ. ತಾಲೂಕು ಆಸ್ಪತ್ರೆಯಲ್ಲಿ ನಾನು ಒಂದು ಮಾತ್ರೆ ಎಣಿಸಿ ಕೊಡಬೇಕಾದರೂ ಫಾರ್ಮಸಿಸ್ಟ್ ಅಂತ ನೋಂದಣಿ ಇರಬೇಕಿತ್ತು. ಅದಕ್ಕೆ 1948ರಿಂದ ಕಾಯ್ದೆ ಇದೆ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಬೇಕಾದರೆ ಆರ್‌ಸಿಐ, ಅಂದರೆ ಭಾರತೀಯ ಪುನರ್ವಸತಿ ಪರಿಷತ್ತಿನ, ನೋಂದಣಿ ಬೇಕು. ಕೌನ್ಸೆಲರ್ ಅಂತ ಬೋರ್ಡು ಹಾಕುವವರನ್ನು ಮಾತ್ರ ಇಷ್ಟು ಕಾಲ ಯಾರೂ ಕೇಳಿಲ್ಲ. ಮೂರು ತಿಂಗಳ ಸರ್ಟಿಫಿಕೇಟಿನವರೂ ಹಾಕಿದ್ದಾರೆ, ಜಾತಕ ನೋಡುವವರೂ ಹಾಕಿದ್ದಾರೆ. 2021ರ ಅಲೈಡ್ ಹೆಲ್ತ್‌ಕೇರ್ ಕಾಯ್ದೆ ಕೌನ್ಸೆಲರ್‌ಗಳನ್ನೂ ತನ್ನ ಪಟ್ಟಿಗೆ ಸೇರಿಸಿಕೊಂಡಿದೆ. ಅದು ಪೂರ್ತಿ ನೆಲೆಗೊಳ್ಳುವ ತನಕ ನಿನಗೆ ನೀನೇ ಬಿಗಿ ಹಾಕಿಕೊಳ್ಳಬೇಕು.

ನಿನ್ನ ಅವಸರ ನನಗೆ ಅರ್ಥವಾಗದೇ ಇಲ್ಲ. ಜನಕ್ಕೆ ಎಷ್ಟು ಬೇಕಾಗಿದೆ ಅನ್ನೋದನ್ನು ಔಷಧಿ ಕಿಟಕಿಯ ಈ ಕಡೆ ಕೂತು ನಾನೇ ನೋಡಿದ್ದೇನಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ಸಿಬ್ಬಂದಿಗೆ ತರಬೇತಿ ಕೊಟ್ಟು, ಊರಲ್ಲೇ ಮಾನಸಿಕ ಚಿಕಿತ್ಸೆ ಸಿಗುವ ಹಾಗೆ ಮಾಡಿದರು. ಅದೇ ಮಾದರಿಯಲ್ಲಿ 1996ರಲ್ಲಿ ದೇಶಕ್ಕೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ನಮ್ಮ ತಾಲೂಕಿಗೆ ಅದು ಮುಟ್ಟಿದ್ದು ಬಹಳ ತಡವಾಗಿ, ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಆಗಿ. ಜಿಲ್ಲೆಯಿಂದ ಡಾಕ್ಟರು ಬರುತ್ತಿದ್ದರು. ಸಾಲು ಗೇಟಿನ ತನಕ. ಬಂದವರಲ್ಲಿ ಮನಸ್ಸಿನ ಮಾತೆತ್ತುವವರು ಕಡಿಮೆ. ನಿದ್ದೆ ಇಲ್ಲ, ಕೈಕಾಲು ಜೋಮು, ಎದೆ ಡವಡವ, ಗ್ಯಾಸ್ಟ್ರಿಕ್, ಒಂದು ಶಕ್ತಿ ಇಂಜೆಕ್ಷನ್ ಕೊಡಿಸಿ ಸಾರ್, ಇಷ್ಟೇ.

ಒಬ್ಬ ಹೆಂಗಸು ನೆನಪಿದ್ದಾಳೆ. ಊರು ಬೇಡ. ಮಾತ್ರೆ ತಗೊಂಡ ಮೇಲೂ ಕಿಟಕಿ ಬಿಡಲಿಲ್ಲ. ಹಿಂದಿನವರು ಗೊಣಗುತ್ತಿದ್ದರು. ಆಕೆ ಸೆರಗಿನ ತುದಿಯಲ್ಲಿ ಸ್ಟ್ರಿಪ್ ಗಂಟು ಹಾಕಿಕೊಂಡು, ಕಂಬಿಗೆ ಮುಖ ತಾಗಿಸಿ, 'ಇದು ಎಂಥ ಮಾತ್ರೆ ಅಂತ ನಮ್ಮನೆಯವರಿಗೆ ಗೊತ್ತಾಗತ್ತಾ?' ಅಂತ ಕೇಳಿದಳು. ನಾನು ಹೇಳಬಹುದಾದ್ದು ಏನು? ರಾತ್ರಿ ಊಟ ಆದ ಮೇಲೆ ಒಂದು, ಗುಣ ಕಾಣೋಕೆ ಎರಡು ಮೂರು ವಾರ ಬೇಕು, ನಡುವೆ ನಿಲ್ಲಿಸಬೇಡಿ. ಅಷ್ಟು ಹೇಳಿದೆ. ಆಕೆಗೆ ಬೇಕಿದ್ದದ್ದು ಬಾಗಿಲು ಹಾಕಿಕೊಂಡು ಮುಕ್ಕಾಲು ಗಂಟೆ ಕೇಳಿಸಿಕೊಳ್ಳುವವರು. ಅದು ನನ್ನ ಕೆಲಸವಲ್ಲ, ಡಾಕ್ಟರಿಗೆ ಪುರುಸೊತ್ತಿಲ್ಲ. ನೀನು ಕಲಿಯುತ್ತಿರುವುದು ಅದನ್ನೇ.

ಹಾಗೆ ಕೇಳಿಸಿಕೊಳ್ಳೋದು ಸುಮ್ನೆ ಬರುವುದಿಲ್ಲ ಅಂತ ನನಗೆ ತೋರಿಸಿದ್ದೂ ನೀನೇ. ದಸರಾ ರಜೆಯಲ್ಲಿ ನಿನ್ನ ವರ್ಬೇಟಿಮ್, ಅಂದರೆ ಕೌನ್ಸೆಲಿಂಗ್ ಮಾತುಕತೆಯನ್ನು ಇದ್ದದ್ದು ಇದ್ದ ಹಾಗೆ ಬರೆದದ್ದು, ಓದಲು ಕೊಟ್ಟಿದ್ದೆ, ಅಲ್ವಾ? ಕ್ಲಾಸ್‌ಮೇಟ್ ಕ್ಲೈಂಟ್ ಆಗಿ ಕೂತ ರೋಲ್ ಪ್ಲೇ. ರೆಕಾರ್ಡ್ ಮಾಡಿ ಒಂದೊಂದು ಮಾತನ್ನೂ ಇಳಿಸಿದ್ದೆ. ಮೌನವನ್ನೂ ಬ್ರಾಕೆಟ್ಟಿನಲ್ಲಿ ಸೆಕೆಂಡು ಹಾಕಿ ಬರೆದಿದ್ದೆ. ಆ ಹುಡುಗಿ ಮಾತು ನಿಲ್ಲಿಸಿದ ಕಡೆಯೆಲ್ಲ ನೀನು ಇನ್ನೊಂದು ಪ್ರಶ್ನೆ ತುರುಕಿದ್ದೆ. ಒಂದು ಕಡೆ 'ಏನೂ ಆಗಲ್ಲ ಬಿಡಿ, ಎಲ್ಲ ಸರಿಹೋಗುತ್ತೆ' ಅಂದಿದ್ದೆ. ಅದರ ಪಕ್ಕ ನಿಮ್ಮ ಸೂಪರ್‌ವೈಸರ್ ಕೆಂಪು ಇಂಕಿನಲ್ಲಿ ಬರೆದಿದ್ದರು: 'ಇದು ಯಾರ ಸಮಾಧಾನಕ್ಕೆ?' ಪುಣ್ಯಾತ್ಗಿತ್ತಿ! ನಮ್ಮ ಕಡೆ ಸಾವಿನ ಮನೆಯಲ್ಲೂ ಪರೀಕ್ಷೆ ಫೇಲಾದ ಮನೆಯಲ್ಲೂ ಎಲ್ಲರೂ ಹೇಳೋದು ಅದನ್ನೇ.

ಆ ಕೆಂಪು ಇಂಕು ಇನ್ನೂ ಒಂದು ವರ್ಷ ನಿನ್ನ ಮೇಲೆ ಬೀಳಲಿ ಅಂತ ನನ್ನ ಆಸೆ.

ಆ್ಯಪಿನವರನ್ನು ಒಂದೇ ಪ್ರಶ್ನೆ ಕೇಳು. ರಾತ್ರಿ ಹನ್ನೊಂದಕ್ಕೆ ಯಾರೋ ಲೈನಿಗೆ ಬಂದು, ಹೊಲಕ್ಕೆ ಹೊಡೆಯೋ ಔಷಧಿ ಕುಡಿದಿದ್ದೇನೆ ಅಂದರೆ ನೀನು ಏನು ಮಾಡಬೇಕು? ಆ ಮನುಷ್ಯ ಯಾವ ಊರಲ್ಲಿದ್ದಾನೆ ಅಂತ ನಿನಗೆ ಗೊತ್ತಿರುತ್ತದಾ? ತಕ್ಷಣ ಯಾರಿಗೆ ಫೋನ್ ಮಾಡಬೇಕು? ಇನ್ನೊಂದು. ಹದಿನಾಲ್ಕು ವರ್ಷದ ಹುಡುಗಿ, ಮನೆಯವನೇ ಹೀಗೆ ಮಾಡ್ತಾನೆ, ಯಾರಿಗೂ ಹೇಳಬೇಡಿ ಅಂದರೆ? ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆಯ ಪ್ರಕಾರ ನೀನು ಅದನ್ನು ಪೊಲೀಸರಿಗೆ ತಿಳಿಸಲೇಬೇಕು. ಗುಟ್ಟು ಕಾಯುತ್ತೇನೆ ಅಂತ ಮೊದಲೇ ಮಾತು ಕೊಟ್ಟಿದ್ದರೆ ಸಿಕ್ಕಿಹಾಕಿಕೊಳ್ಳುತ್ತೀ. ಯಾವುದು ಗುಟ್ಟು, ಯಾವುದು ಅಲ್ಲ ಅನ್ನೋದನ್ನು ಮೊದಲ ದಿನವೇ ಹೇಳಿ ಒಪ್ಪಿಗೆ ತಗೊಳ್ಳಬೇಕು ಅಂತ ನೀನೇ ಹೇಳಿದ್ದೆ. ನಿನಗೆ ಗೊತ್ತಿದೆ. ಆದರೆ ಗೊತ್ತಿರೋದು ಬೇರೆ, ಆ ಹೊತ್ತಿನಲ್ಲಿ ಗಂಟಲು ಒಣಗದೆ ಹೇಳೋದು ಬೇರೆ.

2022ರ ಅಕ್ಟೋಬರ್‌ನಲ್ಲಿ ಶುರುವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನೋಡು, ನಂಬರ್ 14416. ಅಲ್ಲಿ ಮೊದಲು ಫೋನ್ ಎತ್ತೋದು ತರಬೇತಾದ ಕೌನ್ಸೆಲರ್. ಕೈಮೀರಿದ್ದನ್ನು ದಾಟಿಸೋಕೆ ಮೇಲೊಂದು ಹಂತದಲ್ಲಿ ತಜ್ಞರಿರುತ್ತಾರೆ. ಸರ್ಕಾರದ ವ್ಯವಸ್ಥೆ ಅಂತ ಮೂಗು ಮುರಿಯಬೇಡ. ಕೌನ್ಸೆಲರ್‌ನ ಬೆನ್ನಿಗೆ ಒಬ್ಬರಿರಬೇಕು ಅಂತ ಯೋಚಿಸಿದವರು ಅದನ್ನು ಕಟ್ಟಿದ್ದಾರೆ. ನಿನ್ನ ಕೇಸುಗಳನ್ನು ಅನುಭವಿಗಳು ಕೇಳಿ ತಿದ್ದುವ ಸೂಪರ್‌ವಿಷನ್ ಬಗ್ಗೆ ನೀನು ಕೇಳಿದ್ದಕ್ಕೆ ಕಂಪನಿಯವರು 'ವಾಟ್ಸಾಪ್ ಗ್ರೂಪ್ ಇದೆ' ಅಂದರು ಅಂದೆಯಲ್ಲ, ನನಗೆ ಅಲ್ಲೇ ಸಾಕಾಯಿತು.

ಇಂಟರ್ನ್‌ಶಿಪ್ಪಿಗೆ ಆಸ್ಪತ್ರೆ, ಶಾಲೆ ಎರಡರಲ್ಲಿ ಒಂದನ್ನು ಆರಿಸಬೇಕು ಅಂದೆ. ಆಸ್ಪತ್ರೆಯನ್ನೇ ಆರಿಸು ಅಂತ ನನ್ನ ಬಾಯಿ ತುರಿಸುತ್ತದೆ, ಅದು ಹಳೇ ನೌಕರನ ಚಾಳಿ. ವಾರಕ್ಕೊಮ್ಮೆ ಎಲ್ಲಿ ಕೂರಿಸಿಕೊಂಡು ನಿನ್ನ ಕೇಸುಗಳನ್ನು ಕೇಳುತ್ತಾರೋ ಅಲ್ಲಿಗೆ ಹೋಗು. ಮತ್ತೆ, ನಿನಗೆ ನೀನೇ ಥೆರಪಿಗೆ ಹೋಗಬೇಕು ಅಂತ ಮೇಡಂ ಹೇಳಿದ್ದಾರಲ್ಲ, ಹೋಗು. ನಮ್ಮ ಬಗ್ಗೆ ಅಲ್ಲಿ ಏನು ಬೇಕಾದರೂ ಹೇಳಿಕೋ. ನಿಮ್ಮಮ್ಮನಿಗೆ ಸ್ವಲ್ಪ ಕಸಿವಿಸಿ, ನನಗೇನಿಲ್ಲ.

ಹುಚ್ಚರ ಸಹವಾಸ ಯಾಕೆ, ಬಿ.ಎಡ್. ಮಾಡಿಸಬಾರದಿತ್ತಾ ಅಂತ ನಿಮ್ಮತ್ತೆ ಇನ್ನೂ ಕೇಳುತ್ತಾಳೆ. ನಿಮ್ಹಾನ್ಸ್ 2015-16ರಲ್ಲಿ ಮಾಡಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ, 18 ದಾಟಿದವರಲ್ಲಿ ಶೇ 10.6 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇದೆ ಅಂತ ಬಂದಿದೆ, ನಮ್ಮ ಮನೆತನದಲ್ಲೇ ಲೆಕ್ಕ ಹಾಕು ಅಂತ ನಾನಂದೆ. ಕಾಫಿ ಲೋಟ ಇಟ್ಟು ಎದ್ದು ಹೋದಳು.

ದುಡ್ಡಿನ ಚಿಂತೆ ನಿನಗೆ ಬೇಡ. ಪೆನ್ಷನ್ ಬರುತ್ತದೆ, ಅಮ್ಮ ಚೀಟಿ ಎತ್ತಿದ್ದಾಳೆ. ಹಾಸ್ಟೆಲ್ ಫೀಸಿಗೆ ಕೊನೇ ದಿನ ಯಾವತ್ತು ಅಂತ ಇವತ್ತೇ ಮೆಸೇಜ್ ಹಾಕು. ಲೇಟ್ ಫೀಸ್ ಕಟ್ಟೋಕೆ ನಾನು ತಯಾರಿಲ್ಲ.

ನಿನ್ನ
ಅಪ್ಪ