ಗುರುವಾರ ರಾತ್ರಿಯ ಚೀಟಿ

ಸುಂಟಿಕೊಪ್ಪ
ಮೇ ಕೊನೆಯ ವಾರ

ಪ್ರೀತಿಯ ಮಗಳೇ,

ನಿನ್ನ ದೊಡ್ಡಮ್ಮನ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಎರಡು ದಿನದಿಂದ ಸಂಜೆಯಾದರೆ ಗುಡುಗು, ಕರೆಂಟ್ ಹೋಗಿ ಬಂದು ಮಾಡುತ್ತಿದೆ. ಫೋನಿನಲ್ಲಿ ಅರ್ಧಂಬರ್ಧ ಮಾತಾಡುವುದಕ್ಕಿಂತ ಬರೆಯುವುದೇ ವಾಸಿ ಅನಿಸಿತು.

ಮೊನ್ನೆ ಮಾತಾಡುವಾಗ ನಿನ್ನ ಗಂಟಲು ಕಟ್ಟಿತಲ್ಲ, ಅದು ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. “ತಿಂಗಳ ಮನೆಸಾಮಾನಿನ ಖರ್ಚನ್ನು 7,000 ರೂಪಾಯಿಯಲ್ಲಿ ಮುಗಿಸಬೇಕು ಅಂತ ಬರೆದಿಟ್ಟುಕೊಂಡಿದ್ದೆ ದೊಡ್ಡಮ್ಮ, ಕೂಡಿಸಿ ನೋಡಿದರೆ 11,000 ದಾಟಿದೆ, ಎಲ್ಲಿಗೆ ಹೋಯಿತೋ ಗೊತ್ತಿಲ್ಲ” ಅಂದೆ. ನೀನು ದುಂದು ಮಾಡುವವಳಲ್ಲ. ನಿನ್ನ ಕೈ ಹೇಗೆ ಅಂತ ನನಗೆ ಗೊತ್ತು. ಆದರೂ ಹೀಗಾಗುತ್ತದೆ. ನನಗೂ ಆಗಿತ್ತು.

ನನ್ನ ಮದುವೆಯಾದ ಹೊಸತು. ನಿನ್ನ ದೊಡ್ಡಪ್ಪ ತೋಟದಲ್ಲಿ ಲೆಕ್ಕ ಬರೆಯುವ ರೈಟರ್. ಒಂದೇ ಸಂಬಳ, ಅಂಗಡಿಯಲ್ಲಿ ಬರೆಸಿ ಸಾಮಾನು ತರುವುದು, ತಿಂಗಳ ಕೊನೆಗೆ ಪಾವತಿ. ಎರಡನೇ ತಿಂಗಳು ಲೆಕ್ಕ ನೋಡಿದಾಗ ನನಗೆ ಕಾಲು ನಡುಗಿತು. ಮನೆಗೆ ಬಂದು ಪುಸ್ತಕ ಬಿಡಿಸಿ ಒಂದೊಂದೇ ಸಾಲು ಓದಿದೆ. ಬೆಲ್ಲ ಅಂತ ನಾಲ್ಕು ಕಡೆ ಬರೆದಿತ್ತು. ಇದ್ದದ್ದು ನಾವಿಬ್ಬರೇ, ಪಾಯಸ ಮಾಡಿದ್ದು ಒಂದು ದಿನ. ಎದ್ದು ಹೋಗಿ ಅಕ್ಕಿ ಡ್ರಮ್ಮಿನ ಹಿಂದೆ ಕೈ ಹಾಕಿದರೆ ಒಂದು ಇಡೀ ಅಚ್ಚು ಬೆಲ್ಲ ಕಾಗದದಲ್ಲೇ ಇತ್ತು. ಅರ್ಧಕ್ಕೆ ಇರುವೆ ಮುತ್ತಿತ್ತು. ಅವತ್ತು ಕೂತು ಅತ್ತುಬಿಟ್ಟೆ, ಆದರೆ ಅವತ್ತೇ ಒಂದು ವಿಷಯ ತಿಳಿಯಿತು. ಮನೆಯಲ್ಲಿ ಏನಿದೆ ಎಂದು ನೋಡದೆ ಅಂಗಡಿಗೆ ಹೋಗಬಾರದು.

ಹೋದ ತಿಂಗಳು ನಿನ್ನ ಮನೆಗೆ ಬಂದಾಗ ಹೇಳಬೇಕೆಂದಿದ್ದೆ, ಮಗುವಿನ ಮುಂದೆ ಬೇಡ ಅಂತ ಸುಮ್ಮನಾದೆ. ನಿನ್ನ ಶೆಲ್ಫಿನಲ್ಲಿ ರವೆಯ ಪೊಟ್ಟಣ ಮೂರು. ಮೂರಕ್ಕೂ ಬಾಯಿ ಕತ್ತರಿಸಿ ರಬ್ಬರ್ ಬ್ಯಾಂಡ್ ಹಾಕಿದ್ದೀಯ. ಫ್ರಿಜ್ಜಿನಲ್ಲಿ ಅರ್ಧರ್ಧ ಕೋಸು ಎರಡು, ಕೆಳಗಿನ ಡಬ್ಬಿಯಲ್ಲಿ ಕರಿ ನೀರು ಬಿಟ್ಟ ಕೊತ್ತಂಬರಿ. ನಿನ್ನ ದುಡ್ಡು ಹೋದದ್ದು ಅಲ್ಲಿಗೇ ಮಗಳೇ.

ಖರ್ಚು ಕೈಮೀರುವ ಇನ್ನೊಂದು ಹೊತ್ತು ಸಂಜೆ ಆರೂವರೆ. ನೀನು ಆಫೀಸಿನಿಂದ ಬಂದಿರುತ್ತೀಯ, ಮಗು ಸೆರಗು ಹಿಡಿದು ಎಳೆಯುತ್ತಿರುತ್ತದೆ, ರಾತ್ರಿಗೆ ಏನು ಅಂತ ಹೊಳೆಯುವುದಿಲ್ಲ. ಆಗ ಅಳಿಯಂದಿರು ಪರೋಟ ತರಲಾ ಅಂತಾರೆ. ನೀನು ಹೂಂ ಅಂತೀಯ. ತಪ್ಪಲ್ಲ. ಸುಸ್ತಾದವರು ಯಾರಾದರೂ ಹೂಂ ಅಂತಾರೆ. ಅದಕ್ಕೇ ಆ ಪ್ರಶ್ನೆಯನ್ನು ಆರೂವರೆಗೆ ಬಿಡಬೇಡ. ಗುರುವಾರ ರಾತ್ರಿಯೇ ಮುಗಿಸಿಬಿಡು. ಮಡಿಕೇರಿಯಲ್ಲಿ ಶುಕ್ರವಾರ ಸಂತೆ, ಆದ್ದರಿಂದ ಗುರುವಾರ.

ಹೀಗೆ ಮಾಡು. ಊಟ ಆದ ಮೇಲೆ ಒಂದು ಚೀಟಿ ತಗೊಂಡು ಡಬ್ಬಿಗಳ ಮುಂದೆ ನಿಂತುಕೋ. ಮುಚ್ಚಳ ತೆಗೆದು ನೋಡು, ಅಂದಾಜಿನಲ್ಲಿ ಬರೆಯಬೇಡ. ಏನಿದೆಯೋ ಅದರಿಂದ ಯಾವ ಅಡುಗೆ ಆಗುತ್ತದೆ ಅಂತ ಮೊದಲು ಬರಿ, ಏನು ತರಬೇಕು ಅನ್ನುವುದು ಆಮೇಲೆ. ಮತ್ತೆ, ಏಳು ರಾತ್ರಿಗೂ ಬರೆಯಲು ಹೋಗಬೇಡ. ಐದೇ ಸಾಕು. ನಾನು ಮೊದಲು ಏಳೂ ಬರೆಯುತ್ತಿದ್ದೆ, ಒಂದು ವಾರವೂ ನಡೆಯಲಿಲ್ಲ. ಒಂದು ದಿನ ಉಳಿದದ್ದು ಸೇರಿಸಿ ಊಟ ಆಗುತ್ತದೆ. ಇನ್ನೊಂದು ದಿನ ಯಾರೋ ಬರುತ್ತಾರೆ, ಇಲ್ಲ ನೀವೇ ಎಲ್ಲಿಗೋ ಹೋಗುತ್ತೀರಿ. ಏಳಕ್ಕೂ ಸಾಮಾನು ತಂದರೆ ಎರಡು ದಿನದ್ದು ಕೊಳೆಯುತ್ತದೆ.

ತರಕಾರಿಗೂ ಒಂದು ಕ್ರಮ ಇದೆ. ಸೊಪ್ಪನ್ನು ಶುಕ್ರವಾರ, ಶನಿವಾರವೇ ಮುಗಿಸು. ಬೀನ್ಸ್, ಬದನೆ, ಬೆಂಡೆ ಭಾನುವಾರ, ಸೋಮವಾರಕ್ಕೆ. ಕೋಸು ಆಮೇಲೆ. ಸಿಹಿಕುಂಬಳ, ಸುವರ್ಣಗೆಡ್ಡೆ, ಸಾಂಬಾರ್ ಸೌತೆ ಬುಧವಾರ, ಗುರುವಾರಕ್ಕೆ ಇರಲಿ, ಅವು ಕಾಯುತ್ತವೆ. ಕೊತ್ತಂಬರಿ ಬೇರು ಕತ್ತರಿಸಿ, ಒದ್ದೆ ಆರಿಸಿ, ಕಾಗದದಲ್ಲಿ ಸುತ್ತಿಡು.

ಒಂದು ಸಲ ಒಲೆ ಹಚ್ಚಿದರೆ ಎರಡು ಹೊತ್ತಿಗೆ ಆಗುವ ಹಾಗೆ ನೋಡು. ಶನಿವಾರ ರಾತ್ರಿ ಕಾಲು ಕೆಜಿ ಕಡಲೆಕಾಳು ನೆನೆಹಾಕು. ನೆನೆದು ಬೆಂದರೆ ದುಪ್ಪಟ್ಟಿಗಿಂತ ಜಾಸ್ತಿ ಆಗುತ್ತದೆ. ಭಾನುವಾರ ಬೆಳಿಗ್ಗೆ ಅರ್ಧ ತೆಗೆದು ಗಸಿ ಮಾಡಿ ಕಡುಬಿಗೋ ನೂಲ್ಪುಟ್ಟು ಅಂದರೆ ಒತ್ತು ಶಾವಿಗೆಗೋ ಬಡಿಸು. ಉಳಿದರ್ಧ ಸೋಮವಾರ ಒಗ್ಗರಣೆ ಹಾಕಿದರೆ ಪಲ್ಯ. ಸೊಪ್ಪಿನ ಜೊತೆ ಹೆಸರುಕಾಳು ಬೇಯಿಸಿದರೆ ಕಟ್ಟು ಬಸ್ಸಾರಿಗೆ, ಕಾಳು ಸೊಪ್ಪು ಪಲ್ಯಕ್ಕೆ. ಗ್ಯಾಸೂ ಉಳಿಯುತ್ತದೆ. ಅಕ್ಕಿ ತರಿಯ ಒಂದು ಡಬ್ಬಿ ಮನೆಯಲ್ಲಿ ಯಾವಾಗಲೂ ಇರಲಿ. ತರಿ ಇದ್ದ ಮನೆಯಲ್ಲಿ ಕಡುಬು ಮಾಡುವುದು ದೊಡ್ಡ ಕೆಲಸವಲ್ಲ, ಪರೋಟದ ನೆನಪೂ ಬರುವುದಿಲ್ಲ.

ದುಡ್ಡಿನ ವಿಷಯ. ಹಾಲು, ಗ್ಯಾಸ್ ಎರಡನ್ನೂ ಈ ಲೆಕ್ಕದಿಂದ ಹೊರಗಿಡು, ಅವು ಹೇಗೂ ಕೊಡಲೇಬೇಕಾದವು. ಉಳಿದ 7,000ದಲ್ಲಿ ಅಕ್ಕಿ, ಬೇಳೆ, ಎಣ್ಣೆ, ಸಾಬೂನಿಗೆ 3,000. ಸಂತೆಗೆ 2,400. ಕೋಳಿ, ಮೀನು, ಮೊಟ್ಟೆಗೆ 1,000. ಉಳಿದ 600 ನೆಂಟರಿಗೆ. ಅದನ್ನು ಮುಟ್ಟಬೇಡ. ನಮ್ಮ ಮನೆಗಳಲ್ಲಿ ಬಂದವರಿಗೆ ಬರೀ ಕಾಫಿ ಕೊಟ್ಟು ಕಳಿಸುವ ರೂಢಿ ಇಲ್ಲ. ನೆಂಟರಿಗೆ ಅಂತ ದುಡ್ಡು ಬೇರೆ ಇಟ್ಟರೆ ಬಂದವರನ್ನು ಕಂಡು ಮನಸ್ಸು ಕುಗ್ಗುವುದಿಲ್ಲ.

ಸಂತೆಯ 2,400ನ್ನು ನೋಟಾಗಿಯೇ ತೆಗೆದು ಕವರ್‌ಗಳಲ್ಲಿ ಹಾಕಿಡು. ಫೋನಿನಲ್ಲಿ ಸ್ಕ್ಯಾನ್ ಮಾಡಿದರೆ ಹೋದದ್ದು ಕಣ್ಣಿಗೆ ಕಾಣುವುದಿಲ್ಲ. ಇಲ್ಲೊಂದು ಕಡೆ ನಾನು ವರ್ಷಗಟ್ಟಲೆ ಎಡವಿದೆ, ನೀನು ಎಡವಬೇಡ. ವಾರಕ್ಕೆ 600 ಅಂತ ನಾಲ್ಕು ಪಾಲು ಮಾಡುತ್ತಿದ್ದೆ. ಆದರೆ ವರ್ಷದಲ್ಲಿ ನಾಲ್ಕೈದು ತಿಂಗಳು ಐದು ಶುಕ್ರವಾರ ಬರುತ್ತದೆ. ಆ ಐದನೇ ಸಂತೆ ಬಂದಾಗ ಕೈ ಖಾಲಿ, ನೆಂಟರ ದುಡ್ಡಿಗೆ ಕೈ ಹಾಕುವುದು. ತಿಂಗಳು ಶುರುವಾಗುವ ಮೊದಲೇ ಕ್ಯಾಲೆಂಡರ್ ನೋಡು. ಐದು ಶುಕ್ರವಾರ ಇದ್ದರೆ 480ರಂತೆ ಐದು ಕವರ್ ಮಾಡು. ಅಷ್ಟೇ.

ಸಂತೆಗೆ ಆದಷ್ಟು ಸಂಜೆ ಹೋಗು. ಗುಡ್ಡೆ ಲೆಕ್ಕದಲ್ಲಿ ಕೊಡುವವರು ಹೊರಡುವ ಹೊತ್ತಿಗೆ ದರ ಇಳಿಸುತ್ತಾರೆ. ಆದರೆ ಗುಡ್ಡೆ ಅಗ್ಗ ಅಂತ ಚೀಟಿಯಲ್ಲಿಲ್ಲದ್ದನ್ನು ತರಬೇಡ. ಅಂಗಡಿಯಲ್ಲಿ ಪೊಟ್ಟಣ ತೆಗೆದುಕೊಳ್ಳುವಾಗ ಮೇಲಿನ ದೊಡ್ಡಕ್ಷರದ ಬೆಲೆಗಿಂತ ಪಕ್ಕದಲ್ಲಿ ಒಂದು ಗ್ರಾಮಿಗೆ ಇಷ್ಟು ಎಂದು ಸಣ್ಣದಾಗಿ ಹಾಕಿರುವುದನ್ನು ಓದು. ಕೆಲವು ಸಲ ದೊಡ್ಡ ಪೊಟ್ಟಣವೇ ದುಬಾರಿ ಇರುತ್ತದೆ. ತೂಕವನ್ನೂ ನೋಡು. ಬೆಲೆ ಹಾಗೇ ಇಟ್ಟು ತೂಕ ಇಳಿಸುತ್ತಾರೆ.

ಇನ್ನು ಮಳೆಗಾಲ. ನಿನ್ನ ಹತ್ತಿರ ಇದನ್ನು ಮಾತಾಡಲೇಬೇಕು, ಈ ಪತ್ರ ಈಗಲೇ ಬರೆದದ್ದೂ ಅದಕ್ಕೇ. ತಿಂಗಳ ಸಾಮಾನು ಒಟ್ಟಿಗೆ ತಂದರೆ ಉಳಿಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಬಯಲುಸೀಮೆಗೆ ಅದು ಸರಿ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ. ರವೆ, ಮೈದಾ, ಅಕ್ಕಿಹಿಟ್ಟು ತಿಂಗಳಿಗೆ ತಂದಿಟ್ಟರೆ ಮುಗ್ಗಲು ಹಿಡಿದು ಅರ್ಧ ಎಸೆಯುತ್ತೀಯ. ಹಿಟ್ಟು, ರವೆ ಹದಿನೈದು ದಿನಕ್ಕೆ ಮಾತ್ರ ತಾ. ಬೇಳೆ ಕಾಳುಗಳನ್ನು ಈ ವಾರ ಬಿಸಿಲು ಬಿದ್ದಾಗ ಒಣಗಿಸಿ ಗಾಳಿಯಾಡದ ಡಬ್ಬಿಗೆ ತುಂಬಿಬಿಡು. ಒದ್ದೆ ಚಮಚ ಯಾವುದಕ್ಕೂ ಹಾಕಬೇಡ.

ಮೀನೂ ದುಬಾರಿಯಾಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಕಡಲಲ್ಲಿ ಯಂತ್ರದ ಬೋಟುಗಳು ಇಳಿಯುವಂತಿಲ್ಲ. ಆ ಎರಡು ತಿಂಗಳು ಹಸಿಮೀನಿನ ಆಸೆ ಬಿಡು, ಒಂದಿಷ್ಟು ಒಣಮೀನು ಈಗಲೇ ತಗೊಂಡಿಡು. ಮಳೆಗಾಲದಲ್ಲಿ ಹೊರಗಿನ ತರಕಾರಿಗೆ ಬೆಲೆ ಜಾಸ್ತಿ. ಆದರೆ ಕಳಲೆ, ಅಣಬೆ, ಕೆಸುವಿನ ಸೊಪ್ಪು ಬರುವುದೂ ಆಗಲೇ ಅಲ್ವಾ. ಕಳಲೆಯನ್ನು ಹೆಚ್ಚಿ ಮೂರು ದಿನ ನೀರು ಬದಲಿಸಿ ಬದಲಿಸಿ ನೆನೆಸಿದ ಮೇಲೆಯೇ ಬೇಯಿಸು, ಅವಸರ ಮಾಡಬೇಡ. ಅಣಬೆಯನ್ನು ಮಾತ್ರ ಗುರುತಿರುವವರ ಕೈಯಿಂದ ತಗೋ. ಕಕ್ಕಡ ಹದಿನೆಂಟು ಅಂದರೆ ಆಗಸ್ಟ್ 3, ಆವತ್ತಿನ ಮದ್ದುಸೊಪ್ಪಿನ ಪಾಯಸಕ್ಕೆ ಬೆಲ್ಲ, ತೆಂಗಿನಕಾಯಿ ಬೇಕಲ್ಲ, ಅದನ್ನು ಜುಲೈ ಕೊನೆಯ ಚೀಟಿಯಲ್ಲೇ ಬರೆದುಕೋ.

ಹತ್ತು ದಿನಕ್ಕಾಗುವಷ್ಟು ಅಕ್ಕಿ, ಹೆಸರುಕಾಳು, ಎಣ್ಣೆ, ಉಪ್ಪು, ಬೆಂಕಿಪೊಟ್ಟಣ, ಮಗುವಿಗೆ ಹಾಲಿನ ಪುಡಿ ಒಂದು ಕಡೆ ತೆಗೆದಿಡು. ಇದು ತಿಂಗಳ ಲೆಕ್ಕದ್ದಲ್ಲ. 2018ರ ಆಗಸ್ಟ್ ನಿನಗೆ ನೆನಪಿದೆ. ಗುಡ್ಡ ಕುಸಿದು ಜೋಡುಪಾಲದ ಕಡೆ ರಸ್ತೆಯೇ ಇಲ್ಲದಂತಾಯಿತು. ಆ ಮೇಲೆ ನಾನು ಯಾವ ಮಳೆಗಾಲವನ್ನೂ ಈ ಡಬ್ಬಿ ಇಲ್ಲದೆ ಕಳೆದಿಲ್ಲ. ಏನೂ ಆಗದಿದ್ದರೆ ಅಕ್ಟೋಬರ್‌ನಲ್ಲಿ ತೆಗೆದು ಅಡುಗೆಗೆ ಹಾಕು, ಆ ತಿಂಗಳ ಖರ್ಚು ಅಷ್ಟು ಕಡಿಮೆ.

ಮಗುವಿಗೆ ಶಾಲೆ ಶುರು. ಬೆಳಗಿನ ಗಡಿಬಿಡಿಯಲ್ಲಿ ಡಬ್ಬಿಗೆ ಬಿಸ್ಕತ್ತಿನ ಪೊಟ್ಟಣ ಹಾಕುವುದು ಸುಲಭ, ದಿನಾ ಹತ್ತೋ ಇಪ್ಪತ್ತೋ ಅಂತ ಹೋಗುವುದೂ ಸುಲಭ. ಚೀಟಿಯ ಹಿಂದುಗಡೆ ಡಬ್ಬಿಯದ್ದೂ ಬರಿ. ಬಾಳೆಹಣ್ಣು, ಹುರಿದ ಕಡಲೆಕಾಯಿ, ಹಿಂದಿನ ರಾತ್ರಿ ಉಳಿದ ಹಿಟ್ಟಿನ ಒಂದು ಪುಟ್ಟ ಅಕ್ಕಿರೊಟ್ಟಿ. ಅವನಿಗೆ ಬೆಲ್ಲ ತುಪ್ಪ ಸವರಿ ಕೊಟ್ಟರೆ ಬೇಡ ಅನ್ನುವುದಿಲ್ಲ, ನಾನು ನೋಡಿದ್ದೇನೆ.

ಅಳಿಯಂದಿರನ್ನೂ ಗುರುವಾರ ಡಬ್ಬಿ ನೋಡುವಾಗ ಜೊತೆಗೆ ನಿಲ್ಲಿಸಿಕೋ. ನೀನೊಬ್ಬಳೇ ಲೆಕ್ಕ ಹಿಡಿದರೆ ಕೊನೆಗೆ ಬೇಡ ಅನ್ನುವವಳು ನೀನೊಬ್ಬಳೇ ಆಗುತ್ತೀಯ. ಅದು ಒಳ್ಳೆಯದಲ್ಲ, ಮನಸ್ಸು ಮುರಿಯುತ್ತದೆ. ಮೊದಲ ತಿಂಗಳು 7,000ಕ್ಕೆ ಬರದಿದ್ದರೆ ಅಳಬೇಡ. 9,000ಕ್ಕೆ ಬಂದರೂ ಬಂತು. ಚೀಟಿಗಳನ್ನು ಮಾತ್ರ ಬಿಸಾಡಬೇಡ, ನಾಲ್ಕನ್ನೂ ಒಂದು ಪಿನ್ನಿಗೆ ಚುಚ್ಚಿಡು. ಯಾವ ವಾರ ಯಾವುದು ಹಾಳಾಯಿತು ಅನ್ನುವುದನ್ನೂ ಅದರಲ್ಲೇ ಗುರುತು ಹಾಕು.

ಬರುವ ಶುಕ್ರವಾರ ಮಧ್ಯಾಹ್ನದ ಬಸ್ಸಿಗೆ ನಾನೇ ಬರುತ್ತಿದ್ದೇನೆ. ಒಂದು ಸಿಹಿಕುಂಬಳ, ಮಣ್ಣು ಸವರಿ ಒಣಗಿಸಿದ ಹಲಸಿನ ಬೀಜ, ಅಡುಗೆಗೆ ಹುಳಿಗೆ ಹಾಕುವ ಕಾಚಂಪುಳಿ ಒಂದು ಬಾಟಲಿ ತರುತ್ತೇನೆ. ಆ ಮೂರನ್ನು ಚೀಟಿಯಲ್ಲಿ ಬರೆಯಬೇಡ. ಉಳಿದದ್ದನ್ನು ಗುರುವಾರವೇ ಬರೆದಿಟ್ಟಿರು, ಸಂತೆಗೆ ಇಬ್ಬರೂ ಒಟ್ಟಿಗೆ ಹೋಗೋಣ. ಮಗುವಿಗೆ ಮುತ್ತು.

ಇಂತಿ ನಿನ್ನ
ದೊಡ್ಡಮ್ಮ