ಹೋಗುವಾಗ ಸರಿ, ಬರುವಾಗ ತಪ್ಪು

ಮಾನ್ಯ ಸಂಪಾದಕರೆ,

ಈ ಮಳೆಗಾಲದಲ್ಲಿ ನಾನು ಒಂದು ರಾತ್ರಿ ಕಳೆಯುವುದರೊಳಗೆ ಎರಡು ಸಲ ಟ್ರಾಫಿಕ್ ರೂಲ್ಸ್ ಮುರಿದೆ. ಒಂದಕ್ಕೆ ನನಗೆ ನಾಚಿಕೆಯಿಲ್ಲ. ಇನ್ನೊಂದಕ್ಕೆ ಇದೆ.

ಕೊಳೆ ರೋಗ ಬಂದು ಉದುರಿದ ಅಡಿಕೆ ಹೆಕ್ಕುತ್ತಿದ್ದಾಗ ನಮ್ಮ ತೋಟದ ಕೆಲಸಕ್ಕೆ ಬರುವ ಅಣ್ಣನಿಗೆ ಹಾವು ಕಚ್ಚಿತು. ಕೊಳಕು ಮಂಡಲ, ವಿಷದ ಹಾವು. ಆಗಲೇ ಕತ್ತಲಾಗುತ್ತಿತ್ತು. ಗುಡ್ಡ ಹತ್ತಿ ನೆಟ್‌ವರ್ಕ್ ಹುಡುಕಿ 108ಕ್ಕೆ ಫೋನ್ ಮಾಡಿದ್ದಾಯಿತು. ಆದರೆ ರಸ್ತೆಗೆ ಅಡ್ಡ ಮರ ಬಿದ್ದಿತ್ತು, ಆಂಬುಲೆನ್ಸ್ ಬರುವ ಹಾಗಿರಲಿಲ್ಲ. ಬೈಕ್ ಆದರೆ ಗದ್ದೆ ಅಂಚಿನಲ್ಲಿ ನುಸುಳಬಹುದು. ಅವರನ್ನು ನಡುವೆ ಕೂರಿಸಿಕೊಂಡು, ಹಿಂದೆ ನಮ್ಮ ಭಾವ ಹಿಡಿದುಕೊಂಡು ಕೂತರು. ಮೂರು ಜನ, ಒಂದೂ ಹೆಲ್ಮೆಟ್ ಇಲ್ಲ. ಸಾಗರ ಪೇಟೆಯಲ್ಲಿ ಸುತ್ತಿ ಬಳಸಿ ಹೋಗದೆ, ಹಾರ್ನ್ ಒತ್ತಿಕೊಂಡೇ ನೋ ಎಂಟ್ರಿಯಲ್ಲಿ ನುಗ್ಗಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಇತ್ತು. ಬದುಕಿಕೊಂಡರು.

ನಮ್ಮನ್ನು ಯಾರೂ ತಡೆಯಲಿಲ್ಲ. ತಡೆದದ್ದು ಮರುದಿನ ಬೆಳಿಗ್ಗೆ, ನಾನೊಬ್ಬನೇ ವಾಪಸ್ ಬರುವಾಗ. ಅದೇ ಹತ್ತಿರದ ದಾರಿ, ಅದೇ ನೋ ಎಂಟ್ರಿ, ತಲೆ ಮೇಲೆ ಏನೂ ಇಲ್ಲ. ನಾನು ರಾತ್ರಿಯ ಕಥೆ ಹೇಳತೊಡಗಿದೆ. ಪೊಲೀಸಿನವರು ಪೂರ್ತಿ ಕೇಳಿ, "ಹಾವು ಈಗ ಎಲ್ಲಿದೆ ಸಾರ್?" ಅಂದರು. ದಂಡ ಕಟ್ಟಿದೆ.

ದೊಡ್ಡ ಅಪಾಯ ತಪ್ಪಿಸಲು ಕೆಟ್ಟ ಉದ್ದೇಶವಿಲ್ಲದೆ ಮಾಡಿದ ಕೆಲಸವನ್ನು ಕಾನೂನೇ ಮನ್ನಿಸುತ್ತದೆ. 1860ರ ಭಾರತೀಯ ದಂಡ ಸಂಹಿತೆಯಲ್ಲಿ (ಐಪಿಸಿ) ಅದು 81ನೇ ಸೆಕ್ಷನ್ ಆಗಿತ್ತು. ಅದರ ಬದಲಿಗೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 19ನೆಯದು. ಆದರೆ ಅಪಾಯ ಕಳೆದ ಮೇಲೂ ಆ ಸಬೂಬು ಜೇಬಿನಲ್ಲೇ ಇರುತ್ತದೆ ನೋಡಿ, ತೊಂದರೆ ಅಲ್ಲಿದೆ.

ಇದನ್ನು ನಮ್ಮೂರ ಹೋಟೆಲಿನಲ್ಲಿ ಹೇಳಿದಾಗ ಒಬ್ಬರು ರೇಗಿದರು. "1951ರಲ್ಲಿ ಕಾಗೋಡಿನವರು ಕಾನೂನು ಮುರಿಯಲಿಲ್ವಾ? ಅವರು ಮಾಡಿದ್ರೆ ಸತ್ಯಾಗ್ರಹ, ನಾನು ಒನ್‌ವೇಯಲ್ಲಿ ಬಂದ್ರೆ ದಂಡವಾ?" ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಕಾಗೋಡು ನಮಗೆ ದೂರದ ಊರಲ್ಲ, ನಮ್ಮ ತಾಲ್ಲೂಕಿನದೇ. ಗೇಣಿ ಭತ್ತ ಅಳೆಯುವ ಕೊಳಗವೇ ದೊಡ್ಡದು, ಅಳತೆಯಲ್ಲೇ ಮೋಸ ಎಂದು ಶುರುವಾದ ಜಗಳ ಅದು. ಒಡೆಯರು ಬಿಡಿಸಿದ್ದ ಗದ್ದೆಗೆ ಗೇಣಿದಾರರು ಇಳಿದದ್ದು ಹಾಡುಹಗಲು, ಪೊಲೀಸರ ಕಣ್ಣೆದುರೇ. ಹಿಡಿದರೆ ಜೈಲಿಗೆ ಹೋದರು. ಬೆಂಬಲಕ್ಕೆ ಬಂದ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರೂ ಬಂಧನಕ್ಕೊಳಗಾದರು. ಉಳುವವನಿಗೇ ಭೂಮಿ ಎಂಬ ತಿದ್ದುಪಡಿ ಬರಲು 1974ರವರೆಗೆ ಕಾಯಬೇಕಾಯಿತು. ಅವರು ಪೊಲೀಸರು ನೋಡಲಿ ಎಂದೇ ಇಳಿದರು. ಒನ್‌ವೇಯಲ್ಲಿ ನುಗ್ಗುವವನು ಮೊದಲು ಪೊಲೀಸ್ ಇದ್ದಾನಾ ಅಂತ ಇಣುಕುತ್ತಾನೆ. ನಾನೂ ಆ ಬೆಳಿಗ್ಗೆ ಇಣುಕಿದ್ದೆ, ಸುಳ್ಳು ಯಾಕೆ ಹೇಳಲಿ.

ಆದರೆ ಬಹಿರಂಗವಾಗಿ ಮಾಡಿದ್ದೆಲ್ಲ ಸರಿ ಎಂದೂ ನಾನು ಹೇಳಲಾರೆ. ಕಾಡುಹಂದಿ ಕಾಟಕ್ಕೆ ಬೇಸತ್ತು ಗದ್ದೆ ಬೇಲಿಗೆ ಕರೆಂಟ್ ಬಿಡುವವರು ನಮ್ಮ ಕಡೆ ಇದ್ದಾರೆ. ಕೆಲವರು ಅದನ್ನು ಮುಚ್ಚಿಡುವುದೂ ಇಲ್ಲ. ಅವರ ಕಷ್ಟ ನಿಜ, ನನ್ನ ಗದ್ದೆಯನ್ನೂ ಹಂದಿ ಉತ್ತು ಹಾಕಿದೆ. ನಾನು ಟ್ರಿಪಲ್ ರೈಡಿಂಗ್ ಮಾಡಿದಾಗ ಬಿದ್ದಿದ್ದರೆ ಮೊದಲು ಪೆಟ್ಟು ನಮಗೇ ಆಗುತ್ತಿತ್ತು (ನೋ ಎಂಟ್ರಿಯಲ್ಲಿ ಎದುರಿಂದ ಬರುವವನಿಗೂ ಆಗಬಹುದಿತ್ತು, ಅದೊಂದು ಈಗಲೂ ಮನಸ್ಸನ್ನು ಕೊರೆಯುತ್ತದೆ). ಆ ತಂತಿಗೆ ಸಿಕ್ಕಿಬೀಳುವುದು ಹಂದಿಯೊಂದೇ ಅಲ್ಲ. ಬೆಳಗಿನ ಜಾವ ಗದ್ದೆಗೆ ನೀರು ನೋಡಲು ಬಂದ ಪಕ್ಕದ ಮನೆಯವನೂ ಹೌದು, ಆನೆಯೂ ಹೌದು. ಬೆಳೆ ಉಳಿಸಿಕೊಂಡವನು ಒಬ್ಬ, ಸಾಯುವವನು ಇನ್ನೊಬ್ಬ. ಇದಕ್ಕೆ ಕಾಗೋಡಿನ ಹೆಸರು ಹೇಳಬೇಡಿ.

ಹೋಟೆಲಿನಲ್ಲಿ ರೇಗಿದವರು ಈಗಲೂ ಒಪ್ಪಿಲ್ಲ. ನಾನೂ ಒತ್ತಾಯ ಮಾಡಲು ಹೋಗಿಲ್ಲ.

ಗುಣವಾಗಿ ಬಂದ ಅಣ್ಣ ಮೊನ್ನೆ ದಂಡದ ದುಡ್ಡಿನಲ್ಲಿ ಅರ್ಧ ಕೊಡಲು ಬಂದಿದ್ದರು. ತಮ್ಮಿಂದಲೇ ಆದದ್ದು ಎಂದು ಅವರ ಲೆಕ್ಕ. ನಾನು ತಗೊಳ್ಳಲಿಲ್ಲ. ನಿಮ್ಮನ್ನು ಕರೆದುಕೊಂಡು ಹೋದದ್ದಕ್ಕೆ ಹಾಕಿದ ದಂಡ ಅಲ್ಲ ಇದು ಅಂದೆ.

ಇತಿ,
ಒಬ್ಬ ಅಡಿಕೆ ಬೆಳೆಗಾರ
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ